ಎಲೆಮಿಡತೆಯ ಮರ

ಆಳು ನಾಗ ಚಿತೆಗೆಂದು ಅಂಗಳದ ಮಾವಿನ ಮರಕ್ಕೆ ಎರಡನೆಯ ಏಟು ಹಾಕಿ, ಕಚ್ಚಿಕೊಂಡ ಕೊಡಲಿಯನ್ನು ಕೀಳುತ್ತಿದ್ದಾಗ ಹೆಂಗಸರ ನಡುವಿನಿಂದ ಜಲಜ ಎದ್ದು ನಿಂತಳು.

“ನಿಂತೋಯ್ತ್,” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ವನಜ ಅವಳ ಸೆರಗು ಹಿಡಿದು ಎಳೆದಳು.

“ಎಂತ ನಿಂತದ್? ಕೂಕೋ ಹೆಣೆ. ಗಂಡ್ಸ್ರೆಲ್ಲ ಇದ್ರ್.”

ಜಲಜ ಕೂರಲಿಲ್ಲ. ಯುಗಾದಿ ಕಳೆದ ಮೇಲೆ ಗುಲ್ವಾಡಿಯಿಂದ ಮದುವೆಯಾಗಿ ಬಂದ ಹುಡುಗಿ. ಗಂಡ ಶೀನ ಮದುವೆ ಮುಗಿಸಿ ಬೊಂಬಾಯಿಯ ಹೋಟೆಲ್ಲಿಗೆ ವಾಪಸ್ಸು ಹೋಗಿದ್ದ. ಅಂಗಳದಲ್ಲಿ ನಾಲ್ಕು ಜನರ ಎದುರು ಅವಳ ದನಿ ಕೇಳಿದ್ದು ಇದೇ ಮೊದಲು. ಸತ್ತ ಮನೆಯಲ್ಲಿ, ಅದೂ ಮಾವನ ಹೆಣ ಚಾವಡಿಯಲ್ಲಿರುವಾಗ, ಸೊಸೆ ಹೀಗೆ ಎದ್ದು ನಿಂತು ಮಾತಾಡಿದರೆ ಊರು ಸುಮ್ಮನೆ ಬಿಡುತ್ತದೆಯೇ? ಆಗಲೇ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡಾಗಿತ್ತು.

“ಮರದಾಗೆ ಕೂಗ್ತಿದ್ದದ್. ಬೆಳಗಿಂದ ಕೂಗ್ತೇ ಇದ್ದಿತ್ತ್. ಕೊಡ್ಲಿ ಬಿದ್ದದ್ದೇ ನಿಂತೋಯ್ತ್.”

ಚಾವಡಿಯಲ್ಲಿ ಚಂದಯ್ಯ ಮಾಷ್ಟ್ರು ತೆಂಕಕ್ಕೆ ತಲೆ ಹಾಕಿ ಮಲಗಿದ್ದರು. ತಲೆಯ ಬಳಿ ತೆಂಗಿನಕಾಯಿಯ ಹೋಳಿನಲ್ಲಿ ದೀಪ. ನಿನ್ನೆ ಸಂಜೆ ಬೈಂದೂರು ಪೇಟೆಯಿಂದ ಉಪ್ಪುಂದದ ಮನೆಯವರೆಗೆ ಬಂಗುಡೆ ಮೀನಿನ ಪೊಟ್ಟಣ ಹಿಡಿದುಕೊಂಡು ನಡೆದೇ ಬಂದ ಮನುಷ್ಯ. ಮಾಡಿದ ಸಾರಿನಲ್ಲಿ ಉಳಿದದ್ದು ಇನ್ನೂ ಅಡುಗೆಮನೆಯ ಮಡಕೆಯಲ್ಲಿದೆ, ಅದನ್ನು ಚೆಲ್ಲಬೇಕೆಂದು ಯಾರಿಗೂ ನೆನಪಾಗಿಲ್ಲ. ಬೆಳಗಿನ ಜಾವ ಅಂಗಳದ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ಜಲಜ ಕಾಫಿ ತಂದಳು, ಎಂದಿನಂತೆ ಮಾವ ಕಿವಿಗೊಟ್ಟು ಕೂತಿದ್ದಾರೆ ಎಂದುಕೊಂಡು ಸದ್ದಾಗದ ಹಾಗೆ ಲೋಟ ಕೆಳಗಿಟ್ಟು ಒಳಗೆ ಹೋದಳು. ದನಕ್ಕೆ ಹುಲ್ಲು ಹಾಕಿ ಬಂದು ನೋಡಿದರೆ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಲೋಟ ಇಟ್ಟಾಗಲೇ ಅವರು ಇರಲಿಲ್ಲವೋ, ಇಟ್ಟ ಮೇಲೆ ಹೋದರೋ ಯಾರು ಹೇಳಬೇಕು?

ಮಾಷ್ಟ್ರ ಹೆಂಡತಿ ಗುಲಾಬಿ ಆಗಿನಿಂದ ಗಂಡನ ಕಾಲ ಬಳಿ ಕುಳಿತವಳು ಕುಳಿತೇ ಇದ್ದಳು. ಅತ್ತಿರಲಿಲ್ಲ. ಬಂದವರು ಅಳುತ್ತಿದ್ದರೆ ಅವರನ್ನೇ ಆಶ್ಚರ್ಯದಿಂದ ನೋಡುತ್ತಿದ್ದಳು. ಈಗ ಸೊಸೆಯ ಮಾತಿಗೆ ತಲೆ ಎತ್ತಿದಳು.

“ಎಂತ ಕೂಗ್ತಿದ್ದದ್?”

“ಮಾವ ದಿನಾ ಕೂಕಂಡ್ ಕೇಂತಿದ್ದದ್ ಅಲ್ದಾ ಅತ್ತೆ? ಅದೇ.”

ಗುಲಾಬಿಯ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

*

ಚಂದಯ್ಯ ಮಾಷ್ಟ್ರನ್ನು ಊರು ಬೆನ್ನ ಹಿಂದೆ ಮಿಡತೆ ಮಾಷ್ಟ್ರು ಎಂದೇ ಕರೆಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಬೇಸರವಿದ್ದದ್ದು ಊರು ಎಲ್ಲವನ್ನೂ ಮಿಡತೆ ಎಂದು ಒಂದೇ ಬುಟ್ಟಿಗೆ ಹಾಕುತ್ತಿತ್ತಲ್ಲ, ಅದಕ್ಕೆ.

“ಮೀಸೆ ಕಾಣಿ ಮೊದ್ಲ್,” ಎನ್ನುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ. ಮೀಸೆ ಗಿಡ್ಡವಿದ್ದರೆ ಹುಲ್ಲುಮಿಡತೆ. ಅದು ಹಿಂಗಾಲನ್ನು ರೆಕ್ಕೆಗೆ ಉಜ್ಜಿ ಸದ್ದು ಮಾಡುವ ಪ್ರಾಣಿ, ಕಿವಿ ಹೊಟ್ಟೆಯ ಪಕ್ಕದಲ್ಲಿ. ಮೀಸೆ ಮೈಗಿಂತ ಉದ್ದ, ದಾರದಷ್ಟು ತೆಳ್ಳಗಿದ್ದರೆ ಅದು ಎಲೆಮಿಡತೆ. ಅದರ ಸಂಸಾರವೇ ಬೇರೆ. ಗಂಡು ಎಡ ರೆಕ್ಕೆಯ ಅಡಿಯಲ್ಲಿರುವ ಹಲ್ಲಿನ ಸಾಲನ್ನು ಬಲ ರೆಕ್ಕೆಯ ಅಂಚಿಗೆ ತೀಡಿ ಹಾಡುತ್ತದೆ. ಕಿವಿ ಮುಂಗಾಲಿನ ಮೊಣಕಾಲ ಕೆಳಗೆ. ಹೆಣ್ಣಿಗೆ ಹಿಂದೆ ಕುಡುಗೋಲಿನಂಥ ಒಂದು ಬಾಲ, ಎಲೆಯ ಅಂಚನ್ನೋ ತೊಗಟೆಯನ್ನೋ ಸೀಳಿ ಮೊಟ್ಟೆ ಇಡುವುದಕ್ಕೆ. ಜೀರುಂಡೆಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಬೈಂದೂರಿನ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರನ ಜತೆ ಜಗಳವಾಡಿ ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿದ್ದರು.

ಹಿಡಿದ ಹುಳುಗಳನ್ನು ಸೂಜಿ ಚುಚ್ಚಿ ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಇಟ್ಟಿದ್ದರು. ಆದರೆ ಅಂಗಳದ ಮಾವಿನ ಮರದಲ್ಲಿ ಕೂಗುವ ಒಂದು ಜಾತಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. ತುದಿಯ ಎಲೆಗಳಲ್ಲಿ ಎಲೆಯೇ ಆಗಿ ಕೂತಿರುತ್ತಿತ್ತು. ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಚಟ ಶುರುವಾಗಿ ಆಮೇಲೆ ತೆಳ್ಳಗೆ ಎಳೆಯುವ ದನಿ. ಮೋಡ ಕವಿದರೆ ಹಗಲಲ್ಲೂ ಕೂಗುತ್ತಿತ್ತು. ಹುಳುಗಳ ವಿಷಯ ಬಲ್ಲ ಪರವೂರಿನ ಒಬ್ಬ ಪಂಡಿತರಿಗೆ ಬರೆದಾಗ, ಗಂಡೊಂದನ್ನು ಹಿಡಿದು ಕಳಿಸಿ, ರೆಕ್ಕೆಯ ಹಲ್ಲು ನೋಡದೆ ಯಾವ ಜಾತಿಯೆಂದು ಹೇಳಲಾಗದು ಎಂದು ಉತ್ತರ ಬಂದಿತ್ತು. ಸಿಗದ ಹುಳುವನ್ನು ಕಳಿಸುವುದು ಹೇಗೆ? ಮಾಷ್ಟ್ರಿಗೆ ಅದು ಇದೆ ಎನ್ನುವುದಕ್ಕೆ ಇದ್ದ ಸಾಕ್ಷಿ ಅದರ ದನಿಯೊಂದೇ.

ಸಂಜೆ ಗುಲಾಬಿಯನ್ನು ಮೆಟ್ಟಿಲ ಮೇಲೆ ಕೂರಿಸಿ ತಾವು ಎದುರು ಕೈಗಡಿಯಾರ ಹಿಡಿದು ಕೂರುತ್ತಿದ್ದರು. ಮಾತಾಡಿದರೆ ಅದು ಒಮ್ಮೊಮ್ಮೆ ನಿಲ್ಲಿಸಿಬಿಡುತ್ತದೆ. ಹಾಗಾಗಿ ಕೂಗು ಶುರುವಾದಾಗ ಅವಳು ಬೆರಳು ಎತ್ತಬೇಕು, ನಿಂತಾಗ ಇಳಿಸಬೇಕು. ಅವರು ಅವಳ ಬೆರಳು ನೋಡಿ ಎಷ್ಟು ಹೊತ್ತು ಕೂಗಿತೆಂದು ಗುರುತು ಹಾಕಿಕೊಳ್ಳುವುದು.

“ನಂಗೆ ಒಳಗೆ ಕೆಲ್ಸ ಇಲ್ಯಾ?” ಎಂದು ಅವಳು ಗೊಣಗುವಳು, ಬೆರಳನ್ನು ಮಾತ್ರ ಸರಿಯಾಗಿ ಎತ್ತುವಳು.

ಐವತ್ತಾರನೇ ಇಸವಿಯಲ್ಲಿ ಮಾಷ್ಟ್ರ ತಾಯಿ ತೀರಿಕೊಂಡಾಗ, ಈ ಕಡೆಯ ಪದ್ಧತಿಯಂತೆ ಚಿತೆಗೆ ಮನೆಯ ಮಾವಿನ ಮರವನ್ನೇ ಕಡಿಯಬೇಕೆಂದು ಅಣ್ಣ ಮಂಜಯ್ಯ ಆಳು ಕರೆಸಿದ. ಚಂದಯ್ಯ ಮಾಷ್ಟ್ರು ಹೋಗಿ ಮರವನ್ನು ತಬ್ಬಿಕೊಂಡು ನಿಂತರು.

“ಹೆತ್ತ ಅಬ್ಬಿಗಿಂತ ಹುಳವೇ ಹೆಚ್ಚಾ ನಿಂಗೆ?” ಎಂದು ಮಂಜಯ್ಯ ಎಲ್ಲರೆದುರು ಕೇಳಿದ.

ಮಾಷ್ಟ್ರು ಕೈ ಬಿಡಲಿಲ್ಲ. ಕೊನೆಗೆ ಎಲ್ಲಿಂದಲೋ ಮರ ತಂದು ಕೆಲಸ ಮುಗಿಸಿದರು. ಅಣ್ಣ ತಮ್ಮಂದಿರು ಒಂದೇ ಬೇಲಿಯ ಆಚೀಚೆ ಇದ್ದು ಎಷ್ಟೋ ವರ್ಷ ಮಾತಿಲ್ಲದೆ ಕಳೆದರು.

*

“ನಾಗ, ಎಂತ ಕಾಣ್ತಾ ನಿಂತದ್? ಹಾಕ್ ಏಟ್,” ಎಂದು ಮಂಜಯ್ಯ ಗದರಿದ. ಎಪ್ಪತ್ತು ದಾಟಿದ ಮುದುಕ, ಕೋಲೂರಿ ಮರದ ಬುಡದಲ್ಲೇ ನಿಂತಿದ್ದ. “ಮಳೆ ಬಪ್ಪುಕೆ ಮುಂಚೆ ಎಲ್ಲ ಆಯ್ಕ್.”

“ಭಾವ, ಒಂಚೂರು ನಿಲ್ಲಿ,” ಎಂದು ಗುಲಾಬಿ ಚಾವಡಿಯಿಂದ ಇಳಿದು ಬಂದಳು.

“ನಿಲ್ಲುದ್ ಎಂತಕೆ? ಈ ಮರವೇ ಕಡಿಕ್ ಅಂದ್ಹೇಳಿ ಅವನೇ ಹೇಳಿದ್ದಲ್ದಾ? ಚೌತಿ ದಿನ ನಮ್ಮನೆ ಜಗ್ಲಿಯಂಗೆ ಕೂಕಂಡ್ ಹೇಳಿದ. ಅಣ್ಣಯ್ಯ, ನಾ ಸತ್ರೆ ಆ ಮರ ಕಡಿನಿ, ಅದ್ರಾಗೆ ಈಗ ಎಂತದೂ ಇಲ್ಲ ಅಂದ. ನೀನೂ ಕೇಂಡಿದ್ದೆ. ಸತ್ತವನ ಮಾತ್ ಮೀರುಕಾತ್ತಾ?”

ಗುಲಾಬಿ ಕೇಳಿದ್ದಳು, ನಿಜ. ಆ ಮಾತನ್ನು ಗಂಡ ಎಷ್ಟು ಕಷ್ಟಪಟ್ಟು ಆಡಿದನೆಂಬುದನ್ನೂ ಕಂಡಿದ್ದಳು. ಅವಳು ಸೊಸೆಯ ಕಡೆ ತಿರುಗಿದಳು.

“ಅದ್ ಹೋಯಿ ಎಷ್ಟೋ ವರ್ಷ ಆಯ್ತ್ ಹೆಣೆ. ನಂಗೂ ಕೇಂಬುದಿಲ್ಲ, ಅವ್ರಿಗೂ ಕೇಂತಿರ್ಲಿಲ್ಲ. ಔಷಧಿ ಹೊಡ್ದ್ ಮೇಲೆ ಅದರ ಸಂತಾನವೇ ಇಲ್ಲ.”

“ಇತ್ತ್ ಅತ್ತೆ. ನಾ ಬಂದ್ ದಿನದಿಂದ ಕೇಂತಾ ಇದ್ದೆ.”

*

ಮಲೇರಿಯಕ್ಕೆಂದು ಡಿಡಿಟಿ ಹೊಡೆಯುವವರು ಊರೂರು ತಿರುಗುತ್ತಿದ್ದ ಕಾಲ. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಂದವರನ್ನು ಜನ ಮನೆಯೊಳಗೆ ಬಿಡುತ್ತಿರಲಿಲ್ಲ. ಚಂದಯ್ಯ ಮಾಷ್ಟ್ರೇ ಮನೆಮನೆಗೆ ಹೋಗಿ, ಸೊಳ್ಳೆಯ ಚಿತ್ರ ಬರೆದು ತೋರಿಸಿ, ಜ್ವರದಲ್ಲಿ ಸತ್ತ ಮಕ್ಕಳ ಹೆಸರು ಹೇಳಿ ಬಾಗಿಲು ತೆಗೆಸಿದರು. ಮೊದಲು ಹೊಡೆಸಿದ್ದು ತಮ್ಮ ಮನೆಗೇ. ಉಳಿದ ಔಷಧಿಯನ್ನು ಆ ಹೊಡೆಯುವವರು ಮಾವಿನ ಬುಡದ ಚರಂಡಿಗೆ ಸುರಿದು ಹೋದರು.

ಅದಾದ ಕೆಲವು ಮಳೆಗಾಲದ ಮೇಲೆ ಮರದ ಕೂಗು ತೆಳುವಾಗುತ್ತ ಬಂತು. ಒಂದು ವರ್ಷ ಗಾಳಿಯಿಲ್ಲದ ಸಂಜೆ ಮಾತ್ರ ಕೇಳಿತು. ಆಮೇಲೆ ಅದೂ ಇಲ್ಲ. ಮಾಷ್ಟ್ರಿಗೆ ಕಿವಿಯ ಮೇಲೆ ಅನುಮಾನ ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. ಶಾಲೆಯ ಗಂಟೆ ಕೇಳುತ್ತಿತ್ತು, ಬಸ್ಸಿನ ಹಾರನ್ನು ಕೇಳುತ್ತಿತ್ತು, ಹೆಂಡತಿ ಅಡುಗೆಮನೆಯಲ್ಲಿ ಗೊಣಗುವುದಂತೂ ಸ್ಪಷ್ಟವಾಗಿ ಕೇಳುತ್ತಿತ್ತು. ಗುಲಾಬಿಯನ್ನು ಕೂರಿಸಿ ನೋಡಿದರು. ಅವಳ ಬೆರಳು ಏಳಲಿಲ್ಲ. ಅವಳಿಗೂ ಆಗ ವಯಸ್ಸು ಐವತ್ತು ಸಮೀಪಿಸಿತ್ತು.

“ನಾನೇ ಕೊಂದೆ, ಗುಲಾಬಿ,” ಎಂದರು ಒಂದು ದಿನ.

“ಊರಿನ ಮಕ್ಕಳ್ ಬದ್ಕಿದ್ವಲ್ದಾ,” ಎಂದಳು ಅವಳು.

“ಬದ್ಕಿದೊ. ಅದಕ್ ಬ್ಯಾಸ್ರ ಇಲ್ಲ. ಆದ್ರೆ ಆ ಹುಳಕ್ಕ್ ಹೆಸ್ರೂ ಇಟ್ಟಾಗಿರ್ಲಿಲ್ಲ ಕಾಣ್.”

ಮತ್ತೆ ಆ ಮಾತು ಆಡಲಿಲ್ಲ. ಗುಲಾಬಿಯೂ ಎತ್ತಲಿಲ್ಲ, ಸೊಸೆ ಬಂದ ಮೇಲೂ ಹೇಳಲಿಲ್ಲ. ಹೇಳುವುದಕ್ಕಾದರೂ ಏನಿತ್ತು? ಮಾಷ್ಟ್ರು ಪೆಟ್ಟಿಗೆಗಳಿಗೆ ಹೊಸ ಹುಳು ಸೇರಿಸುವುದನ್ನು ಬಿಟ್ಟರು. ಕುರ್ಚಿಯನ್ನು ಮಾತ್ರ ಮರಕ್ಕೆ ಮುಖ ಮಾಡಿ ಹಾಕಿಕೊಂಡು ಸಂಜೆಯೂ ಬೆಳಗಿನ ಜಾವವೂ ಕೂರುವುದನ್ನು ಬಿಡಲಿಲ್ಲ. ಸತ್ತವರ ಮನೆಯ ಮುಂದೆ ಹಾದು ಹೋಗುವಾಗ ಒಮ್ಮೆ ನಿಲ್ಲುತ್ತೇವಲ್ಲ, ಹಾಗೆ ಕೂರುತ್ತಾರೆ ಎಂದು ಗುಲಾಬಿ ತಿಳಿದಿದ್ದಳು.

*

“ಸುಮ್ನಿರಿ ಎಲ್ಲ,” ಎಂದಳು ಗುಲಾಬಿ. “ಯಾರೂ ಉಸ್ರ್ ಬಿಡ್ಬ್ಯಾಡಿ.”

ಅಳುತ್ತಿದ್ದವರು ಅಳು ನಿಲ್ಲಿಸಿದರು. ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಮಾಷ್ಟ್ರ ಸೋದರಳಿಯ ಬಚ್ಚ ಕತ್ತಿ ಕೆಳಗಿಟ್ಟ. ಆಕಾಶ ಕಪ್ಪಗೆ ಬಿಗಿದುಕೊಂಡಿತ್ತು, ಎಲೆ ಅಲ್ಲಾಡುತ್ತಿರಲಿಲ್ಲ. ಮರದ ಬುಡದಲ್ಲಿ ಎರಡು ಏಟಿನ ಬಿಳಿ ಗಾಯ, ಅದರಿಂದ ಸೊನೆ ಇಳಿಯುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಮಂಜಯ್ಯ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

ಮೊದಲು ಬಚ್ಚನ ತಲೆ ಮೇಲಕ್ಕೆದ್ದಿತು. ಆಮೇಲೆ ಮಗುವನ್ನು ಎತ್ತಿಕೊಂಡಿದ್ದ ಒಬ್ಬಳು ಮರದ ತುದಿಯತ್ತ ಕತ್ತು ಹೊರಳಿಸಿದಳು. ಬಾವಿಕಟ್ಟೆಯ ಬಳಿ ನಿಂತ ಕಾಲೇಜಿನ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಮುಟ್ಟಿ ತೋರಿಸಿಕೊಂಡರು. ವನಜ ಕೇಳಿತೋ ಇಲ್ಲವೋ ಎಂದು ತನಗೇ ತಿಳಿಯದವಳ ಹಾಗೆ ಬಾಯಿ ತೆರೆದು ಕೂತಳು. ನರೆತ ತಲೆಗಳೆಲ್ಲ ಇದ್ದಲ್ಲೇ ಇದ್ದವು, ಮಕ್ಕಳ ಮುಖಗಳನ್ನು ದಿಗಿಲಿನಿಂದ ನೋಡುತ್ತ. ಜೀವಮಾನವೆಲ್ಲ ಹುಳುಗಳನ್ನು ಜಾತಿ ಮಾಡಿ ಇಟ್ಟವರ ಅಂಗಳದಲ್ಲಿ ಈಗ ಬಂದ ಜನರೇ ಎರಡು ಜಾತಿಯಾಗಿ ನಿಂತಿದ್ದರು.

“ನಂಗೆ ಎಂತದೂ ಕೇಂತಿಲ್ಲ,” ಎಂದ ಮಂಜಯ್ಯ. ದನಿಯಲ್ಲಿ ಮೊದಲಿನ ಗದರಿಕೆ ಇರಲಿಲ್ಲ.

“ಈಗ್ಲೂ ಕೂಗ್ತಿತ್ತ್ ಅಯ್ಯ,” ಎಂದ ನಾಗ, ಕೊಡಲಿಯನ್ನು ಹಿಂದಕ್ಕೆ ಸರಿಸಿಕೊಂಡು. “ನಾ ಈ ದಾರಿಯಂಗೆ ಹೋಪತಿಗೆ ದಿನಾ ಕೇಂತಿದ್ದೆ. ಎಲ್ಲರ್ಗೂ ಕೇಂತ್ ಅಂದ್ಕಂಡಿದ್ದೆ.”

“ನಂಗೂ ಕೇಂತ್, ದೊಡ್ಡಮಾವ,” ಎಂದ ಬಚ್ಚ. “ಸಣ್ಣಮಾವ ಸಂಜೆ ಕೂಕಂಬುದ್ ಕಾಣ್ತಿದ್ದೆ. ಕೇಂತ್ರ್ ಅಂದ್ಹೇಳಿಯೇ ಅಂದ್ಕಂಡಿದ್ದೆ. ಎಬ್ಸುದ್ ಎಂತಕೆ ಅಂತ ಮಾತಾಡ್ಸ್ತಿರ್ಲಿಲ್ಲ.”

ಗುಲಾಬಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬೆಳಗ್ಗೆ ಗಂಡನ ತಣ್ಣಗಾದ ಕೈ ಮುಟ್ಟಿದಾಗಲೂ ಇಷ್ಟು ದೊಡ್ಡ ಪೆಟ್ಟು ಬಿದ್ದಿರಲಿಲ್ಲ. ಸಾವು ಬರುವುದೇ ಹಾಗೆ, ಹೇಳದೆ. ಆದರೆ ಇದು? ತಾನು ಕೊಂದೆ ಎಂದು ಇಷ್ಟು ವರ್ಷ ಕೊರಗಿದ ಮನುಷ್ಯನ ತಲೆಯ ಮೇಲೆಯೇ ಅದು ದಿನ ದಿನ ಕೂಗುತ್ತಿತ್ತು. ಆ ತೆಳ್ಳನೆಯ ದನಿ ವಯಸ್ಸಾದ ಕಿವಿಗೆ ಸಿಗುತ್ತಿರಲಿಲ್ಲ, ಊರಿನ ಎಳೆಯರಿಗೆಲ್ಲ ಕೇಳುತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ಬಿಡಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ.

“ಒಂದ್ ಮಾತ್ ಹೇಳುಕಾಗ್ತಿರ್ಲಿಲ್ಯಾ ನಿಂಗೆ?” ಎಂದು ಸೊಸೆಯನ್ನು ಕೇಳಿದಳು. “ಒಂದೇ ಒಂದ್ ಮಾತ್.”

ಜಲಜ ಬಾಯಿಗೆ ಸೆರಗು ಒತ್ತಿಕೊಂಡಳು.

“ಕೇಂಡ್ರ್ ಅತ್ತೆ,” ಎಂದಳು. “ಮಾವ ನನ್ ಹತ್ರ ಒಂದ್ಸಲ ಕೇಂಡ್ರ್.”

*

ಚೌತಿಗೆ ಸ್ವಲ್ಪ ಮೊದಲಿನ ಒಂದು ಸಂಜೆ. ಜಲಜ ಕಾಫಿ ತಂದು ಕುರ್ಚಿಯ ಹಿಂದಿನಿಂದ ಬಾಗಿ ಲೋಟ ಇಟ್ಟಳು. ಮಾವನ ಎದುರಿಗೆ ನಿಂತು ಮಾತಾಡುವ ಪದ್ಧತಿ ಅವಳ ತವರಿನಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಬೇಕಾದ್ದನ್ನು ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳಬೇಕು. ಮಾವ ಏನಾದರೂ ಕೇಳಿದರೆ ಹೌದು ಎಂದೋ ಅಲ್ಲ ಎಂದೋ ತಲೆಯಾಡಿಸಿದರೆ ಸಾಕು.

ಮಾಷ್ಟ್ರು ಮರದ ಕಡೆಗೇ ನೋಡುತ್ತ, ತಿರುಗದೆ ಕೇಳಿದರು.

“ಮಗಾ, ಆ ಮರದಾಗೆ ನಿಂಗೆ ಎಂತಾದ್ರೂ ಕೇಂತಾ?”

ಮಾವ ನೇರವಾಗಿ ಮಾತಾಡಿಸಿದ್ದು ಅದೇ ಮೊದಲು. ಜಲಜ ಅತ್ತೆ ಎಲ್ಲೆಂದು ನೋಡಿದಳು, ಅತ್ತೆ ದನದ ಹಟ್ಟಿಯಲ್ಲಿದ್ದಳು. ಮರದಲ್ಲಿ ಅದು ಗಟ್ಟಿಯಾಗಿ, ಬಿಟ್ಟೂಬಿಡದೆ ಕೂಗುತ್ತಿತ್ತು. ಜಲಜ ಹೌದೆಂದು ತಲೆಯಾಡಿಸಿದಳು. ಕಾಣಲಿಲ್ಲವೇನೋ ಎಂದು ಇನ್ನೊಮ್ಮೆ, ಜೋರಾಗಿ ಆಡಿಸಿದಳು.

ಕುರ್ಚಿಯ ಮೇಲಿನ ನರೆತ ತಲೆ ಅತ್ತ ಇತ್ತ ತಿರುಗಲಿಲ್ಲ.

“ಹ್ಞೂಂ,” ಎಂದರು ಮಾಷ್ಟ್ರು ಸ್ವಲ್ಪ ಹೊತ್ತು ಬಿಟ್ಟು. “ಆಯ್ತ್. ಹೋಗ್ ಮಗಾ.”

ಉತ್ತರ ಸಿಕ್ಕಿತು ಎಂದುಕೊಂಡು ಅವಳು ಒಳಗೆ ಹೋದಳು. ಇಲ್ಲವೆಂಬ ಉತ್ತರ ಸಿಕ್ಕಿತು ಎಂದುಕೊಂಡೇ ಅವರೂ ಚೌತಿಯ ದಿನ ಅಣ್ಣನ ಜಗಲಿಗೆ ಹೋದರು.

*

ಜಲಜ ಹೇಳಿ ಮುಗಿಸಿದಳು. ಅವಳನ್ನು ಬೈಯುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಅವಳು ಮಾಡಿದ್ದರಲ್ಲಿ ತಪ್ಪೇನು? ಅಲ್ಲಿದ್ದ ಯಾವ ಸೊಸೆಯಾದರೂ ಅಷ್ಟೇ ಮಾಡುತ್ತಿದ್ದಳು, ಅಲ್ಲಿದ್ದ ಯಾವ ಅತ್ತೆಯಾದರೂ ಅದನ್ನೇ ಕಲಿಸುತ್ತಿದ್ದಳು.

“ಈ ಮರ ಕಡೂದ್ ಬ್ಯಾಡ ಭಾವ,” ಎಂದಳು ಗುಲಾಬಿ. “ಅವ್ರ್ ಗೊತ್ತಿಲ್ದೆ ಆಡಿದ್ ಮಾತ್. ಅದನ್ನ್ ನಡ್ಸಿರೆ ಅವ್ರೇ ಆ ಹುಳವನ್ನ್ ಮತ್ತೊಂದ್ ಸಲ ಕೊಂದಾಂಗ್ ಆತ್ತ್. ಬ್ಯಾಡ.”

ಮಂಜಯ್ಯ ತಮ್ಮನ ಹೆಣದ ಕಡೆ ನೋಡಿದ, ಮರದ ಗಾಯದ ಕಡೆ ನೋಡಿದ. ಮೊದಲ ಏಟು ಹಾಕು ಎಂದು ಕೈ ತೋರಿಸಿದವನು ಅವನೇ.

ಬೇಲಿಯಾಚೆ ಅವನ ಹಿತ್ತಿಲಲ್ಲಿ ಒಂದು ಹುಳಿ ಮಾವಿನ ಮರವಿತ್ತು. ಮಂಗ ಕೂಡ ಅದರ ಹಣ್ಣು ಮುಟ್ಟುತ್ತಿರಲಿಲ್ಲ. ಆದರೂ ಮಂಜಯ್ಯ ಅದನ್ನು ಯಾರಿಗೂ ಮುಟ್ಟಲು ಬಿಟ್ಟವನಲ್ಲ. ಅದು ನನ್ನ ಚಿತೆಗೆ ಎಂದು ಮೊಮ್ಮಕ್ಕಳಿಗೆ ತೋರಿಸಿ ಇಟ್ಟಿದ್ದ. ಮಳೆಗಾಲ ಬರುವಾಗೆಲ್ಲ ಬುಡ ತಟ್ಟಿ, ಇನ್ನೂ ಗಟ್ಟಿಯಿದೆಯೆಂದು ಸಮಾಧಾನಪಡುತ್ತಿದ್ದ.

“ನಾಗ,” ಎಂದ. ಕೋಲಿನಿಂದ ಬೇಲಿಯಾಚೆ ತೋರಿಸಿದ. “ನಾಗ, ಹೋಯಿ ನನ್ ಮರ ಕಡಿ.”

“ಅಯ್ಯ, ಅದ್ ನಿಮಗೆ ಅಂತ...”

“ನಂಗ್ ಗೊತ್ತಿತ್ತ್. ಕಡಿ ಅಂದೆ. ಅಣ್ಣ ಇಪ್ಪತಿಗೆ ತಮ್ಮ ಮುಂಚೆ ಹೋದ. ಮರನೂ ಮುಂಚೆ ಹೋಯ್ಲಿ.” ಆಮೇಲೆ ಮೊದಲ ಸಲ ಗಟ್ಟಿಯಾಗಿ ಅಳತೊಡಗಿದ. “ಹುಳವೇ ಹೆಚ್ಚಾ ಅಂತ ಕೇಂಡೆ ಮಾರಾಯ್ರೆ. ಎಲ್ಲರ್ ಎದ್ರ್ ಕೇಂಡೆ.”

ಬಚ್ಚ ಬಂದು ದೊಡ್ಡಮಾವನ ಭುಜ ಹಿಡಿದುಕೊಂಡ. ಸ್ವಲ್ಪ ಹೊತ್ತಿನಲ್ಲಿ ಬೇಲಿಯಾಚೆಯಿಂದ ಕೊಡಲಿಯ ಸದ್ದು ಕೇಳಿಸತೊಡಗಿತು. ಆ ಸದ್ದು ಎಲ್ಲರಿಗೂ ಕೇಳಿಸಿತು.

*

ಹಸಿ ಮಾವಿಗೆ ಕರಟ, ಒಣ ತೆಂಗಿನ ಮಡಲು ಎಲ್ಲ ಸೇರಿಸಿ ಬೆಂಕಿ ಹಿಡಿಸುವಾಗ ನಡುಮಧ್ಯಾಹ್ನ ಕಳೆದಿತ್ತು. ಮಗ ಬೊಂಬಾಯಿಯಿಂದ ಬರುವವರೆಗೆ ಕಾಯುವ ಹಾಗಿರಲಿಲ್ಲ, ಕೊಳ್ಳಿ ಇಟ್ಟವನು ಬಚ್ಚ. ಮಳೆ ಬರುತ್ತೇನೆ ಬರುತ್ತೇನೆ ಎಂದು ಬರದೆ ಹೋಯಿತು. ಮಂಜಯ್ಯನ ಮರ ಚೆನ್ನಾಗಿ ಉರಿಯಿತು ಎಂದು ಗಂಡಸರು ವಾಪಸ್ಸು ಬಂದು ಮಿಂದು ಹೇಳಿದರು. ನಾಗ ಹೋಗುವ ಮುಂಚೆ ಮಾಷ್ಟ್ರ ಮರದ ಗಾಯಕ್ಕೆ ಸೆಗಣಿ ಮಣ್ಣು ಕಲಸಿ ಮೆತ್ತಿದ.

ಸಂಜೆಗೆ ಜನ ಕರಗಿದರು. ವನಜ ಗಂಜಿ ತಂದಿಟ್ಟು ಹೋದಳು, ಯಾರೂ ಮುಟ್ಟಲಿಲ್ಲ. ಗುಲಾಬಿ ಒದ್ದೆ ಕೂದಲು ಬಿಟ್ಟುಕೊಂಡು ಅಂಗಳಕ್ಕೆ ಬಂದಳು. ಬೆತ್ತದ ಕುರ್ಚಿ ಬೆಳಗ್ಗೆ ಇದ್ದಲ್ಲೇ ಇತ್ತು. ಅದರ ಕಾಲಿನ ಬಳಿ ಕಾಫಿಯ ಲೋಟ ಉರುಳಿ ಬಿದ್ದಿತ್ತು, ಇರುವೆ ಮುತ್ತಿಕೊಂಡಿದ್ದವು.

“ಹೆಣೆ,” ಎಂದು ಕರೆದಳು. “ಬಾ ಇಲ್ಲ್. ಮೆಟ್ಲ್ ಮೇಲೆ ಕೂಕೋ.”

ಜಲಜ ಬಂದು ಕುಳಿತಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

“ಅದ್ ಕೂಗಿರೆ ಬೆರಳೆತ್ತ್. ನಿಂತ್ರೆ ಇಳ್ಸ್. ಮಾತಾಡ್ಬ್ಯಾಡ, ಮಾತಾಡಿರೆ ಅದ್ ಸುಮ್ನಾತ್ತ್.”

ಜಲಜ ಕೈಯನ್ನು ಮಡಿಲಲ್ಲಿಟ್ಟು ಕಿವಿಗೊಟ್ಟಳು. ಎಲೆಗಳ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ದೂರದಲ್ಲಿ ಬೈಂದೂರಿನ ಕಡೆಗೆ ಹೋಗುವ ಬಸ್ಸು ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಅವಳ ಕೈ ಕದಲಿತು, ತೋರುಬೆರಳು ನಿಧಾನವಾಗಿ ಮೇಲೆದ್ದಿತು. ಅಲುಗಾಡದೆ ನಿಂತಿತು. ಇಳಿಯಿತು. ಮತ್ತೆ ಎದ್ದಿತು.

ಗುಲಾಬಿ ಬೆತ್ತದ ಕುರ್ಚಿಯ ಎರಡು ತೋಳುಗಳನ್ನೂ ಹಿಡಿದುಕೊಂಡಳು. ಸದ್ದಾಗದ ಹಾಗೆ ಅದನ್ನು ಎತ್ತಿ, ಮರಕ್ಕೆ ಬೆನ್ನಾಗಿ, ಜಲಜಳ ಬೆರಳಿಗೆ ಎದುರಾಗಿ ತಿರುಗಿಸಿ ಇಟ್ಟಳು.